ಗೌರಕ್ಕನ ಕಡುಬಿಗೆ ಬಂದ ನೋಟಿಸು

ಸರ್ಕಾರಿ ಕಾಗದ ಬರೆಯುವುದಕ್ಕೂ ಅದನ್ನು ಕೈಯಲ್ಲಿ ಹಿಡಿದು ನಿಲ್ಲುವುದಕ್ಕೂ ಎಷ್ಟು ವ್ಯತ್ಯಾಸ ಎಂಬುದು ನನಗೆ ಗೊತ್ತಾದದ್ದು ನಿವೃತ್ತಿಯಾದ ಮೇಲೆ. ಮೂವತ್ತಮೂರು ವರ್ಷ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತನಾಗಿದ್ದೆ. ನಾನು ಬರೆದ ನೋಟಿಸುಗಳನ್ನು ಒಂದರ ತುದಿಗೆ ಒಂದು ಅಂಟಿಸಿದರೆ ನಮ್ಮೂರು ಕೊಡ್ಲಿಪೇಟೆಯಿಂದ ಪಕ್ಕದೂರು ಶನಿವಾರಸಂತೆ ಮುಟ್ಟೀತು. ಬರೆದು, ಸೀಲು ಹೊಡೆದು, ಕಾಫಿಗೆ ಎದ್ದು ಹೋಗುತ್ತಿದ್ದೆ. ಆ ಕಾಗದ ಯಾರ ಮನೆ ಜಗಲಿಗೆ ಬಿತ್ತು, ಅವರು ಅವತ್ತು ಊಟ ಮಾಡಿದರೋ ಇಲ್ಲವೋ ಎಂದು ಒಂದು ದಿನವೂ ಯೋಚಿಸಿದವನಲ್ಲ. ಈಗ ನೆನೆದರೆ ನಾಚಿಕೆಯಾಗುತ್ತದೆ.

ಈ ನಾಚಿಕೆ ಕಲಿಸಿದವಳು ಗೌರಕ್ಕ. ಕೊಡ್ಲಿಪೇಟೆ ಬಸ್ ಸ್ಟ್ಯಾಂಡಿನ ಹಿಂದೆ ಅವಳದೊಂದು ಹೋಟೆಲು. ಹೋಟೆಲು ಅಂದರೆ ನಾಲ್ಕು ಬೆಂಚು, ಎರಡು ಒಲೆ, ಒಬ್ಬಳೇ ಗೌರಕ್ಕ. ಬೆಳಿಗ್ಗೆ ಕಡುಬು, ಕಾಯಿ ಚಟ್ನಿ. ಹತ್ತು ಗಂಟೆ ಮೇಲೆ ಹೋದರೆ ಬರೀ ಚಟ್ನಿ. ನನಗೆ ಸಕ್ಕರೆ ಕಾಯಿಲೆ. ಹಾಗಾಗಿ ನನ್ನ ಹೆಂಡತಿ ಸುಮಿತ್ರ ಮನೆಯಲ್ಲಿ ರಾಗಿ ಗಂಜಿ ಕೊಡುತ್ತಾಳೆ. ಅದನ್ನು ಕುಡಿದು, ಡಾಕ್ಟರು ಹೇಳಿದ್ದಾರಲ್ಲ ಅಂತ ವಾಕಿಂಗ್ ಹೊರಡುತ್ತೇನೆ. ವಾಕಿಂಗ್ ಅಂದರೆ ಗೌರಕ್ಕನ ಬೆಂಚಿನ ತನಕ. ಅಲ್ಲಿ ನಾಲ್ಕು ಕಡುಬು, ಮೇಲೊಂದು ಸಕ್ಕರೆ ಹಾಕಿದ ಕಾಫಿ. ಸುಮಿತ್ರ ನನ್ನ ಜೇಬಿನ ನೋಟು ಎಣಿಸುತ್ತಾಳೆಯೇ ಹೊರತು ಫೋನು ಮುಟ್ಟುವುದಿಲ್ಲ. 'ಕಾಲ ಮುಂದುವರಿದಿದೆ ಗೌರಕ್ಕ, ಒಂದು ಕ್ಯೂಆರ್ ಕೋಡು ಹಾಕಿಸ್ಕೊ' ಎಂದು ಅವಳಿಗೆ ದುಂಬಾಲು ಬಿದ್ದವನು ನಾನೇ. ಯಾಕೆ ಅಂತ ಈಗ ನಿಮಗೆ ಗೊತ್ತಾಯಿತಲ್ಲ.

ಆ ಕೋಡಿಗೆ ಊರು ಬೇರೆಯೇ ಕೆಲಸ ಹಚ್ಚಿತು. ನಮ್ಮೂರ ಎಟಿಎಂನಲ್ಲಿ ಎಸಿ ಸದಾ ಇರುತ್ತದೆ, ನೋಟು ಇರುವುದಿಲ್ಲ. ಕಾಫಿ ಹಣ್ಣು ಕೀಳುವ ಪಿಕ್ಕಿಂಗ್ ಕಾಲದಲ್ಲಿ ಎಸ್ಟೇಟಿನ ಧಣಿ ಎಲ್ಲರ ವಾರದ ಕೂಲಿಯನ್ನು ತೋಟದ ಲೆಕ್ಕ ಬರೆಯುವ ರೈಟರ್ ಮಾದಪ್ಪನ ಫೋನಿಗೆ ಹಾಕಿ ಕೈತೊಳೆದುಕೊಳ್ಳುತ್ತಾರೆ. ಎಸ್ಟೇಟಿನ ಲೈನ್ ಮನೆಗಳಲ್ಲಿರುವ ಕೂಲಿಯವರಿಗೆ ಸಂತೆಗೆ ನೋಟೇ ಬೇಕು. ಮಾದಪ್ಪ ಗೌರಕ್ಕನಲ್ಲಿ ಸ್ಕ್ಯಾನ್ ಮಾಡಿ ಅವಳಿಂದ ನೋಟು ಎಣಿಸಿಕೊಳ್ಳುತ್ತಾನೆ. ಅವಳಿಗೆ ನೋಟು ಎಲ್ಲಿಂದ ಅಂದರೆ, ಸಂತೆಗೆ ಬರುವ ತರಕಾರಿಯವರು, ಒಣಮೀನಿನವರು ಸಂಜೆ ನೋಟಿನ ಗಂಟು ಅವಳ ಕೈಗೆ ಕೊಟ್ಟು, ಅಷ್ಟನ್ನು ಫೋನಿಗೆ ಹಾಕಿಸಿಕೊಂಡು ಹಗುರಾಗಿ ಬಸ್ಸು ಹತ್ತುತ್ತಾರೆ. ಮನೆಯ ಹೆಂಚು ಬದಲಿಸುವಾಗ ನಾನೂ ತಿಂಗಳುಗಟ್ಟಲೆ ಹೀಗೇ ನೋಟು ಪಡೆದೆ. ಒಂದು ಪೈಸೆ ಕಮಿಷನ್ ಇಲ್ಲ. 'ಊರಿನ ದುಡ್ಡು ಊರಲ್ಲೇ ತಿರುಗ್ತದೆ, ಅದಕ್ಕೆ ನಂಗ್ಯಾಕೆ ಕೂಲಿ?' ಎನ್ನುತ್ತಿದ್ದಳು.

ತೆರಿಗೆ ಇಲಾಖೆಯ ಕಂಪ್ಯೂಟರಿಗೆ ಇದೆಲ್ಲ ಹೇಗೆ ಗೊತ್ತಾಗಬೇಕು? ಅದು ಬಂದದ್ದನ್ನಷ್ಟೇ ಕೂಡಿ, ಎಲ್ಲವನ್ನೂ ಕಡುಬೆಂದೇ ಬಗೆಯಿತು. ಅದರ ಲೆಕ್ಕಕ್ಕೆ ಸರಿಹೋಗಬೇಕಾದರೆ ನಮ್ಮೂರಿನ ಹಸುಗೂಸು ಕೂಡ ದಿನಕ್ಕೆ ಹತ್ತು ಕಡುಬು ತಿನ್ನಬೇಕು. ಮೂರು ವರ್ಷದ ತೆರಿಗೆ, ಬಡ್ಡಿ, ದಂಡ ಎಲ್ಲ ಸೇರಿಸಿ ಇಂಗ್ಲಿಷಿನಲ್ಲಿ ನೋಟಿಸು ಬಂತು. 'ಶಿವಣ್ಣ, ಸ್ವಲ್ಪ ಓದಿ ಹೇಳಿ' ಎಂದಳು. ಓದಿದೆ. ಅವಳು ಒಲೆಯ ಕಡೆ ನೋಡುತ್ತಾ, 'ಪಾತ್ರೆ, ಬೆಂಚು, ನನ್ನ ಬಳೆ ಎಲ್ಲ ಮಾರಿದ್ರೂ ಇಷ್ಟಾಗಲ್ಲ. ಬಾಗ್ಲು ಹಾಕ್ತೀನಿ ಬಿಡಿ' ಎಂದಳು. ಅಳಲಿಲ್ಲ. ನಾನು ನೋಟಿಸು ಮಡಿಸಿ ಜೇಬಿಗೆ ಹಾಕಿಕೊಂಡೆ.

ಇಬ್ಬರೂ ಬಸ್ಸು ಹಿಡಿದು ತೆರಿಗೆ ಕಚೇರಿಗೆ ಹೋದೆವು. ಅಲ್ಲಿದ್ದ ಅಧಿಕಾರಿ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಸಮಾಧಾನವಾಗಿ ಕೇಳಿಸಿಕೊಂಡು, 'ಬಾಯಿಮಾತು ಸಾಲದು ಅಜ್ಜ. ಇದು ವ್ಯಾಪಾರ ಅಲ್ಲ, ನೋಟು ಬದಲಾಯಿಸಿದ್ದು ಅಂತ ಹಣ ಹಾಕಿದವರು ನಾಲ್ಕು ಸಾಲು ಬರೆದುಕೊಡಲಿ. ಹದಿನೈದು ದಿನ ಟೈಮ್ ಕೊಡ್ತೀನಿ' ಎಂದಳು. ಅಜ್ಜ ಅಂದದ್ದು ಸ್ವಲ್ಪ ಚುಚ್ಚಿತಾದರೂ ಉತ್ಸಾಹ ಉಕ್ಕಿತು. ಎಷ್ಟು ವರ್ಷದ ಮೇಲೆ ಒಂದು ನಮೂನೆ ತಯಾರಿಸುವ ಯೋಗ! ನಾಲ್ಕು ಸಾಲು ಕೇಳಿದ್ದಕ್ಕೆ ಎರಡು ಪುಟ ಬರೆದೆ. ಬ್ಯಾಂಕಿನ ಸ್ಟೇಟ್‌ಮೆಂಟು ಲಗತ್ತಿಸತಕ್ಕದ್ದು. ಗೌರಕ್ಕನಿಗೆ ಹೋದ ಪ್ರತಿ ಮೊತ್ತದ ಎದುರು ಕಾರಣ ನಮೂದಿಸತಕ್ಕದ್ದು. ಜಂಟಿ ಖಾತೆಯಾದಲ್ಲಿ ಇಬ್ಬರೂ ಸಹಿ ಮಾಡತಕ್ಕದ್ದು. ಇದರಲ್ಲಿ ಒಂದನ್ನೂ ಆಕೆ ಕೇಳಿರಲಿಲ್ಲ, ಆದರೆ ನನ್ನ ಕೈ ಕೇಳಬೇಕಲ್ಲ.

ಸೈನು ಹಾಕಲು ಜನ ಹೆದರಿಯಾರು ಎಂದುಕೊಂಡಿದ್ದೆ. ಮೊದಲ ದಿನವೇ ಮಾದಪ್ಪ ಬರೆದುಕೊಟ್ಟ. ನಮಗೆ ಕೂಲಿ ಸಿಕ್ಕಿದ್ದು ನೋಟಿನಲ್ಲೇ ಎಂದು ಲೈನ್ ಮನೆಯವರು ಸಾಲಾಗಿ ನಿಂತು ಹೆಬ್ಬೆಟ್ಟು ಒತ್ತಿದರು. ಹತ್ತು ದಿನದಲ್ಲಿ ಎಲ್ಲರದೂ ಆಯಿತು, ನನ್ನದೊಂದು ಬಿಟ್ಟು. ನನ್ನ ಪೆನ್ಶನ್ ಬರುವುದು ಸುಮಿತ್ರಳ ಜತೆಗಿನ ಜಂಟಿ ಖಾತೆಗೆ. ಆ ಸ್ಟೇಟ್‌ಮೆಂಟಿನಲ್ಲಿ ಹೆಂಚಿನ ದುಡ್ಡಿನ ಮಧ್ಯೆ ದಿನಕ್ಕೊಂದು ಎಪ್ಪತ್ತು ರೂಪಾಯಿ ಸಾಲುಗಟ್ಟಿ ಕೂತಿದೆ. 'ಕಾನೂನಿನ ಒಂದು ಅಂಶ ನೋಡ್ಬೇಕು' ಎಂದು ನಾಲ್ಕು ದಿನ ತಳ್ಳಿದೆ. ಐದನೆಯ ದಿನ ಗೌರಕ್ಕ ತಟ್ಟೆ ಮುಂದಿಟ್ಟು ಮೆಲ್ಲಗೆ ಹೇಳಿದಳು: 'ನಿಮ್ದು ಸೇರಿದ್ರೆ ಮಾತ್ರ ನನ್ನ ವ್ಯಾಪಾರದ ಲೆಕ್ಕ ತೆರಿಗೆ ಇಲ್ಲದ ಮಿತಿಯೊಳಗೆ ಬರ್ತದಂತೆ, ಮಾದಪ್ಪ ಕೂಡಿ ನೋಡಿದ. ಆದ್ರೂ ಪೆನ್ಶನ್ನಿಗೆ ತೊಂದ್ರೆ ಅಂತಿದ್ರೆ ಬೇಡ ಶಿವಣ್ಣ. ನಿಮ್ಮನ್ನ ಸಿಕ್ಕಿಸಿ ನಾನು ಉಳ್ಕೊಳ್ಳೋದು ಬೇಡ.' ಅವತ್ತಿನ ಕಡುಬು ತಟ್ಟೆಯಲ್ಲೇ ಬಿಟ್ಟು ಎದ್ದೆ.

ಮನೆಗೆ ಹೋದವನೇ ಎಲ್ಲ ಕಾಗದ ಸುಮಿತ್ರಳ ಮುಂದೆ ಇಟ್ಟೆ. ಅವಳು ಕನ್ನಡಕ ಹಾಕಿಕೊಂಡು ಮೊದಲ ಸಾಲಿನಿಂದ ಓದಿದಳು.

'ದಿನಾ ಎಪ್ಪತ್ತು ರೂಪಾಯಿ. ಇದೂ ನೋಟು ಬದಲಾಯಿಸಿದ್ದಾ?'

ಹೂಂ ಅಂದರೆ ನಾನೂ ಬಚಾವು, ಗೌರಕ್ಕನಿಗೂ ಅಷ್ಟು ಕಡಿಮೆ. ಆದರೆ ಆ ಲೈನ್ ಮನೆಯವರ ಹೆಬ್ಬೆಟ್ಟುಗಳ ಜತೆ ನನ್ನ ಸುಳ್ಳನ್ನು ಇಡಲು ಮನಸ್ಸು ಬರಲಿಲ್ಲ. 'ಅಲ್ಲ, ಕಡುಬು' ಎಂದೆ.

'ಎಷ್ಟು?'

'ನಾಲ್ಕು. ಮತ್ತೆ ಕಾಫಿ.'

ಅವಳು ಬೈಯಲಿಲ್ಲ. 'ಆ ಹೆಂಗಸಿನ ಹೊಟ್ಟೆಪಾಡು ಅಂತ ಸೈನ್ ಹಾಕ್ತಿದೀನಿ' ಎಂದು ಸಹಿ ಮಾಡಿ, ಪೆನ್ನು ಕೆಳಗಿಡದೆ, ಎಪ್ಪತ್ತು ಇದ್ದ ಕಡೆಯಲ್ಲೆಲ್ಲ ತನ್ನ ದುಂಡು ಅಕ್ಷರದಲ್ಲಿ 'ಕಡುಬು' ಎಂದು ಬರೆಯುತ್ತಾ ಹೋದಳು. ಹದಿನಾರು ಪುಟವಾಯಿತು. ಅದನ್ನು ನೋಡಿದ ಅಧಿಕಾರಿ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. 'ಇಡೀ ಫೈಲಲ್ಲಿ ವ್ಯಾಪಾರ ಅಂತ ಒಪ್ಕೊಂಡವರು ನೀವೊಬ್ರೇ ಅಜ್ಜ. ಅದಕ್ಕೇ ಉಳಿದದ್ದೂ ನಂಬ್ತೀನಿ' ಎಂದು ನೋಟಿಸು ಕೈಬಿಟ್ಟಳು. ಬಸ್ಸಿನಲ್ಲಿ ಬರುವಾಗ ಗೌರಕ್ಕ ಕಿಟಕಿಯ ಕಡೆ ತಿರುಗಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ನಾನೂ ಒರೆಸಿಕೊಂಡೆ.

ಈಗ ಹೋಟೆಲಿನಲ್ಲಿ ಕೋಡು ಇಲ್ಲ. 'ನಗದು ಮಾತ್ರ' ಎಂಬ ಬೋರ್ಡು ಇದೆ. ನನ್ನ ಎಟಿಎಂ ಕಾರ್ಡು ಸುಮಿತ್ರಳ ಹತ್ತಿರ ಇದೆ. ದಿನಾ ಎರಡು ಕಡುಬಿಗೆ ಆಗುವಷ್ಟು ಎಣಿಸಿ ಕೊಟ್ಟು, 'ಬರ್ತಾ ಬಿಲ್ ತನ್ನಿ' ಎನ್ನುತ್ತಾಳೆ. ಗೌರಕ್ಕನಲ್ಲಿ ಬಿಲ್ ಪುಸ್ತಕ ಎಲ್ಲಿ ಬರಬೇಕು? ನಾನೇ ಚೀಟಿಯಲ್ಲಿ 'ಕಡುಬು ಎರಡು ಮಾತ್ರ' ಎಂದು ಬರೆದು ಅವಳ ಸಹಿ ಹಾಕಿಸಿಕೊಂಡು ಬರುತ್ತೇನೆ. ಮೊನ್ನೆ ಅವಳೇ ಪಾಪ ಅನಿಸಿ ಮೂರನೆಯದನ್ನು ಪುಕ್ಕಟೆಯಾಗಿ ತಟ್ಟೆಗೆ ಹಾಕಿದಳು. ತಿಂದು, ಕೈತೊಳೆದು, ಎಂದಿನಂತೆ ಎರಡು ಎಂದು ಬರೆದು ಚೀಟಿ ಮುಂದೆ ಹಿಡಿದೆ. ಗೌರಕ್ಕ ಓದಿ ಪೆನ್ನು ವಾಪಸು ಕೊಟ್ಟಳು.

'ಮೂರು ಅಂತ ತಿದ್ದಿ ಶಿವಣ್ಣ. ಇನ್ನೊಂದು ನೋಟಿಸು ತಡ್ಕೊಳ್ಳೋ ಶಕ್ತಿ ನಂಗಿಲ್ಲ.'