ಕಾಕಾನ ಸರೋವರ, ಕಾಕಿಯ ಹುಣಸೆಹಣ್ಣು

ನಮ್ಮ ಕಾಕಾ ಎಪ್ಪತ್ತು ವರ್ಷದ ಆಯುಷ್ಯದಲ್ಲಿ ಬದುಕಿದ್ದು ಒಂದೇ ಒಂದು ದಿನ. ಉಳಿದ ದಿನಗಳನ್ನೆಲ್ಲ ಆ ದಿನದ ಕಥೆ ಹೇಳುವುದರಲ್ಲೇ ಕಳೆದುಬಿಟ್ಟರು!

ಕಾಕಾ ಎಂದರೆ ನಮ್ಮಪ್ಪನ ತಮ್ಮ. ಎರಡನೆಯ ಮಹಾಯುದ್ಧದ ಕಾಲಕ್ಕೆ ನಮ್ಮೂರು ಹೊಂಬಳದಿಂದ ಪಲ್ಟನ್ ಸೇರಿ ಇಟಲಿಗೆ ಹೋದವರು. ಅಲ್ಲಿ ಒಂದು ದಿನ ರಜೆ ಸಿಕ್ಕಿತಂತೆ. ಎರಡು ಡಬ್ಬಿ ಗಟ್ಟಿಹಾಲು ಕೊಟ್ಟು ಯಾರದೋ ಹಳೆಯ ಪೆಟ್ಟಿಗೆ ಕ್ಯಾಮೆರಾ ತೆಗೆದುಕೊಂಡು, ಪಲ್ಟನ್ನಿನ ಗೆಳೆಯ, ಅಡರಕಟ್ಟಿಯ ಬಸಪ್ಪನ ಜೊತೆ ಒಂದು ಸರೋವರದ ಸುತ್ತ ಬೆಳಗಿನಿಂದ ಸಂಜೆತನಕ ತಿರುಗಿದರಂತೆ. ಅಷ್ಟೇ! ಆ ಅಷ್ಟನ್ನು ನಾವು ಮದುವೆಯಲ್ಲಿ ಕೇಳಿದ್ದೇವೆ, ಸುಗ್ಗಿಯ ಕಣದಲ್ಲಿ ಕೇಳಿದ್ದೇವೆ, ತಿಥಿಯ ಊಟದ ಪಂಕ್ತಿಯಲ್ಲೂ ಕೇಳಿದ್ದೇವೆ. ಸ್ವಾತಂತ್ರ್ಯ ಬಂದ ಹೊಸದರಲ್ಲಿ ಊರವರು ಏಕೀಕರಣದ ಸಭೆ ಕೂಡಿಸಿದರೆ, ಮಾತಾಡಲು ಎದ್ದ ಕಾಕಾ ಮೂರನೆಯ ವಾಕ್ಯಕ್ಕೇ ಕರ್ನಾಟಕ ದಾಟಿ ಇಟಲಿ ಮುಟ್ಟಿಬಿಟ್ಟಿದ್ದರು.

ಅದನ್ನು ಕೆರೆ ಎಂದರೆ ಮಾತ್ರ ಅವರ ಸಿಟ್ಟು ನೆತ್ತಿಗೇರುತ್ತಿತ್ತು. ಒಮ್ಮೆ ಅವರ ಕ್ಷೌರ ಮಾಡುತ್ತಿದ್ದವನು ಅರ್ಧ ಗಡ್ಡ ಬೋಳಿಸಿ, ಸುಮ್ಮನಿರಲಾರದೆ ಕೇಳಿದ: "ನಿಮ್ಮ ಇಟಲಿ ಕೆರಿ ನಮ್ಮ ಡಂಬಳದ ಕೆರಿಗಿಂತ ದೊಡ್ಡದೇನ್ರಿ?"

"ಕೆರಿ ಅನ್ನಬ್ಯಾಡಲೇ! ಸರೋವರ ಅನ್ನು!"

"ಆತ್ರಿ, ಸರೋವರ. ಅದರಾಗ ಎಮ್ಮಿ ಮೈ ತೊಳೀತಾರೇನ್ರಿ?"

ಕಾಕಾ ಎದ್ದು ಬಂದರು. ಎರಡು ದಿನ ಎಡಗೆನ್ನೆಯ ಗಡ್ಡದೊಡನೆಯೇ ಊರೆಲ್ಲ ಓಡಾಡಿದರು.

ಇನ್ನು ಆ ಕ್ಯಾಮೆರಾ! ನನ್ನ ಅಕ್ಕನ ಮದುವೆಯಲ್ಲಿ ಬೀಗರನ್ನೆಲ್ಲ ಬಿಸಿಲಲ್ಲಿ ಸಾಲಾಗಿ ನಿಲ್ಲಿಸಿ, "ಉಸುರು ಹಿಡೀರಿ!" ಎಂದು ಗದರಿಸಿ, "ಟಿಕ್" ಎಂದು ನಾಲಗೆಯಿಂದಲೇ ಸದ್ದು ಮಾಡಿದ್ದರು. ಹೌದು, ಗುಂಡಿಯನ್ನು ಒತ್ತುತ್ತಲೇ ಇರಲಿಲ್ಲ! ಒಳಗಿದ್ದದ್ದು ಆ ಸರೋವರದ ದಿನದ ರೀಲು. ಎಂಟು ಫೋಟೋ ಮುಗಿದು ಸುತ್ತಿಕೊಂಡು ಕೂತದ್ದು. ಅದನ್ನು ಹೊರತೆಗೆದು ಫೋಟೋ ಮಾಡಿಸುವ ಮಾತೇ ಇಲ್ಲ.

ಯಾಕೆ ಎಂದು ಒಮ್ಮೆ ನಾನೇ ಕೇಳಿದೆ.

"ಅದ ತಿಂಗಳದಾಗ ಬಸಪ್ಪ ಗುಂಡು ಬಡದು ಹ್ವಾದ," ಎಂದರು. "ಅವನ ಅವ್ವನ ಹತ್ರ ಅವಂದು ಒಂದೂ ಫೋಟೋ ಇಲ್ಲ. ಇದ್ದರ ಇದರಾಗ ಐತಿ. ಖಾಲಿ ಬಂತಂದ್ರ ಆಕಿಗೆ ಏನಂತ ಹೇಳಲಿ, ಮಗಳ?"

ಅಂದಿನಿಂದ ನಾನು ಆ ಕ್ಯಾಮೆರಾದ ಬಗ್ಗೆ ನಗುವುದನ್ನು ಬಿಟ್ಟೆ.

ಬಂತು ಮಹಾನವಮಿ. ನಮ್ಮ ಕಡೆ ಆಯುಧಪೂಜೆಗೆ ಕುಡುಗೋಲು, ಕೂರಿಗೆ, ತಕ್ಕಡಿ ಎಲ್ಲವನ್ನೂ ತೊಳೆದು ಪೂಜೆಗಿಡುತ್ತಾರೆ. ಕಾಕಾ ಹೊಲದಿಂದ ಬಂದು ನೋಡಿದರೆ, ಅಂಗಳದಲ್ಲಿ ಕುಡುಗೋಲಿನ ಪಕ್ಕ ಕ್ಯಾಮೆರಾ! ಬಾಯಿ ತೆರೆದುಕೊಂಡು ಬಿಸಿಲಿಗೆ ಒಣಗುತ್ತಿದೆ. ಗಾಜಿನ ಮೇಲೆ ವಿಭೂತಿಯ ಮೂರು ಗೆರೆ!

"ಹುಣಸಿಹಣ್ಣು ಹಚ್ಚಿ ತಿಕ್ಕೇ ತಿಕ್ಕಿದ್ನಿರಿ," ಎಂದರು ಕಾಕಿ, ಸೆರಗಿನಿಂದ ಬೆವರೊರೆಸುತ್ತ. "ಒಳಗಿನ ಮಸಿ ಏನ್ ಮಾಡಿದ್ರೂ ಹೋಗವಲ್ದು!"

ಕ್ಯಾಮೆರಾದ ಒಳಗೆ ಕಪ್ಪು ಬಣ್ಣವೇ ಬಳಿದಿರುತ್ತದೆ ಎಂದು ಕಾಕಿಗೆ ಯಾರು ಹೇಳಬೇಕು? ಕಾಕಾ ಖಾಲಿ ಪೆಟ್ಟಿಗೆಯೊಳಗೆ ಇಣುಕಿದರು. "ಒಳಗ... ಒಂದು ಸುರುಳಿ ಇತ್ತಲ್ಲ?"

"ಇತ್ತ್ರಿ. ಕಾಗದ ತೋಯ್ತದಂತ ಮೊದಲ ತಗದೀನಿ. ಬಿಚ್ಚಬಾರ್ದಂತ ಅರಿಶಿಣದ ದಾರ ಸುತ್ತಿ ಕುಂಕುಮದ ಡಬ್ಬಿಯಾಗ ಇಟ್ಟೀನಿ."

ಕಾಕಾ ದೇವರ ಮನೆಗೆ ಓಡಿದರು. ರೀಲಿಗೆ ಸುತ್ತಿದ ಕಾಗದ ಬಿಗಿಯಾಗಿಯೇ ಇತ್ತು, ಬೆಳಕು ಸೋಕಿರಲಿಲ್ಲ. ಅವರು ಬಿಟ್ಟ ನಿಟ್ಟುಸಿರಿಗೆ ಡಬ್ಬಿಯ ಕುಂಕುಮವೆಲ್ಲ ಹಾರಿ ಮೀಸೆ ಕೆಂಪಾಯಿತು!

"ಇನ್ನೊಂದು ಹಬ್ಬಕ್ಕ ಇದು ಉಳಿಯೂದಿಲ್ಲ," ಎನ್ನುತ್ತ ಮರುದಿನವೇ ಗದಗಿನ ಸ್ಟುಡಿಯೋಗೆ ಹೊರಟರು. ವಾರದ ಮೇಲೆ ಫೋಟೋಗಳು ಬಂದವು. ಎಂಟರಲ್ಲಿ ಆರು ಸ್ಪಷ್ಟವಾಗಿದ್ದವು! ನಾವೆಲ್ಲ ಮುಗಿಬಿದ್ದು ಸರೋವರ ಹುಡುಕಿದೆವು. ಎಲ್ಲಿದೆ ಸರೋವರ? ಆರಕ್ಕೆ ಆರರಲ್ಲೂ ಬಸಪ್ಪನೇ ತುಂಬಿಕೊಂಡು ನಿಂತಿದ್ದ. ಅವನ ಕಿವಿಯ ಹಿಂದೆ ಬೊಗಸೆಯಷ್ಟು ನೀರು. ಕಾಕಾ ಇಟಲಿ ಕಂಡದ್ದಕ್ಕೆ ಸಾಕ್ಷಿ? ಸೊನ್ನೆ! ರೇಗಿಸೋಣವೆಂದು ಬಾಯಿ ತೆರೆದವಳು ಅವರ ಮುಖ ನೋಡಿದೆ. ಅಷ್ಟು ಹಗುರಾದ ಮುಖವನ್ನು ನಾನು ಕಾಕಾನಲ್ಲಿ ಎಂದೂ ಕಂಡಿರಲಿಲ್ಲ.

ಅಡರಕಟ್ಟಿಗೆ ಕಾಕಾ, ಕಾಕಿಯ ಜೊತೆ ನಾನೂ ಹೋದೆ. ಬಸಪ್ಪನ ತಾಯಿ ಫೋಟೋವನ್ನು ಕಣ್ಣಿನ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದರು. ಬೆರಳಿನಿಂದ ಮಗನ ಗಲ್ಲ ಸವರಿದರು.

"ಸೊರಗಿಲ್ಲ ಬಿಡಪಾ," ಎಂದರು ಕೊನೆಗೆ. "ಪರದೇಶದಾಗ ಉಪವಾಸ ಇದ್ನೋ ಏನೋ ಅಂತಿದ್ನಿ. ಉಂಡಾನ."

ಆಮೇಲೆ ಕಿವಿಯ ಹಿಂದಿನ ನೀರಿನ ಮೇಲೆ ಬೆರಳಿಟ್ಟು ಕೇಳಿದರು: "ಇದೇನೋ ಯಪ್ಪಾ?"

ನಾನೂ ಕಾಕಿಯೂ ಮುಖ ಮುಖ ನೋಡಿಕೊಂಡೆವು. ಇನ್ನು ಎರಡು ತಾಸು ಇಲ್ಲಿಂದ ಏಳುವಂತಿಲ್ಲ ಅಂದುಕೊಂಡೆವು!

ಕಾಕಾ ಆ ತಾಯಿಯ ಹತ್ತಿರ ಸರಿದು ಕೂತರು.

"ಕೆರಿ, ಯವ್ವಾ," ಎಂದರು. "ನಿಮ್ಮೂರ ಕೆರಿಯಂಥಾದ್ದ."