ಬರಿ ಲಿನಕ್ಸ್‌ನ ಸರ್ಕಾರಿ ಆವೃತ್ತಿ

ಸತ್ತ ಗಣಕಯಂತ್ರವನ್ನು ಎಬ್ಬಿಸಲು ಕನಿಷ್ಠ ಎಷ್ಟು ಸಾಮಾನು ಬೇಕೆಂಬ ವಿಷಯದಲ್ಲಿ ಇಡೀ ತೈವಾನಿಗೆ ಕೊನೆಯ ಮಾತು ನನ್ನದು. ಜಂಬವಲ್ಲ, ಸಂಗತಿ. ಗಣಕವನ್ನು ನಡೆಸುವ ತಂತ್ರಾಂಶ ಲಿನಕ್ಸ್; ನಾನು ಕಟ್ಟಿದ್ದು ಪೆನ್‌ಡ್ರೈವಿನಿಂದಲೇ ಏಳುತ್ತದೆ. ಒಳಗೆ ಬುನಾದಿ ಬಿಟ್ಟರೆ ಏನೂ ಇಲ್ಲ, ಬರಿ ಲಿನಕ್ಸ್. ಅದರ ಮೇಲೆ ಯಾರು ಬೇಕಾದರೂ ತಮಗೆ ಬೇಕಾದ್ದು ಸೇರಿಸಿ ತಮ್ಮದೇ ಆವೃತ್ತಿ ಮಾಡಿಕೊಳ್ಳಬಹುದು. ಎಷ್ಟು ಹಗುರವೆಂದರೆ, ಅದನ್ನು ಜೇಬಿಗೆ ಹಾಕಿಕೊಂಡ ದಿನ ನನ್ನ ತೂಕವೇ ಇಳಿದಿತ್ತು.

ನಮ್ಮ ಬಂದರಿನ ಶಾಲೆಯ ಹಳೆ ಯಂತ್ರಗಳನ್ನು ಗುಜರಿಗೆ ಹಾಕಲು ಆದೇಶ ಬಂದಾಗ ಅಲ್ಲಿನ ಶಿಕ್ಷಕಿ ಕೂ ಮೇಡಂ ನನ್ನಲ್ಲಿಗೆ ಓಡಿ ಬಂದರು.

"ಲಿಯಾಂಗ್ ಮಾಮ, ಇವೂ ಹೋದ್ರೆ ಮಕ್ಳು ಕೀಬೋರ್ಡ್ ಚಿತ್ರ ಬರ್ಕೊಂಡು ಅದ್ರ ಮೇಲೆ ಕುಟ್ಬೇಕು. ಏನಾದ್ರೂ ಮಾಡಿ!"

ಮಾಡಿದೆ. ಎಲ್ಲವೂ ಎದ್ದು ಕೂತವು. ಆದರೆ ಅನುಮತಿಯಿಲ್ಲದೆ ಎದ್ದ ಯಂತ್ರವನ್ನು ಎದ್ದಿದೆಯೆಂದು ಪರಿಗಣಿಸಲಾಗದು ಎಂದು ಜಿಲ್ಲಾ ಶಿಕ್ಷಣ ಕಚೇರಿ ತಿಳಿಸಿತು.

ಅಲ್ಲಿನ ಅಧಿಕಾರಿ ಜಿಯಾನ್ ಸಾಹೇಬರು ಪರದೆ ನೋಡಿ, "ಇದ್ರಲ್ಲಿ ಏನೂ ಇಲ್ವಲ್ರೀ?" ಅಂದರು.

"ಅದೇ ಅದ್ರ ಹೆಚ್ಚುಗಾರಿಕೆ ಸಾರ್. ಬೇಕಾದ್ದು ಸೇರಿಸ್ಕೋಬಹುದು."

"ಓಹೋ, ಸೇರಿಸ್ಬಹುದಾ?" ಸಾಹೇಬರ ಮುಖ ಅರಳಿತು.

ಸುತ್ತೋಲೆ ಹೊರಟಿತು: 'ಕನಿಷ್ಠ ವ್ಯವಸ್ಥೆಯನ್ನು ಗರಿಷ್ಠವಾಗಿ ಬಳಸಿಕೊಳ್ಳತಕ್ಕದ್ದು.' ಆರೋಗ್ಯ ವಿಭಾಗ ಕೈತೊಳೆಯುವ ಚಲನಚಿತ್ರ ಸೇರಿಸಿತು. ಮೀನುಗಾರಿಕೆಯವರು ಬಾಯಿ ತೆರೆದು ಮುಚ್ಚುವ ಕಪ್ಪೆಚಿಪ್ಪಿನ ಚಿತ್ರ ಸೇರಿಸಿದರು. ಜಿಲ್ಲಾ ಮುಖ್ಯಸ್ಥರ ಸ್ವಾಗತ ಭಾಷಣವನ್ನಂತೂ ನಿಲ್ಲಿಸಲು ಗುಂಡಿಯೇ ಇರಲಿಲ್ಲ. ಈ ಆವೃತ್ತಿ ಹೊತ್ತ ಹಳೆ ಯಂತ್ರಗಳು ಕಪ್ಪೆಚಿಪ್ಪು ಬಾಯಿ ತೆರೆಯುವಷ್ಟರಲ್ಲೇ ಮೂರ್ಛೆ ಹೋದವು. ದೋಷ ಯಂತ್ರಗಳದೇ ಎಂದು ಸಮಿತಿ ಕಂಡುಕೊಂಡಿತು. ಹೀಗಾಗಿ ಹಳೆಯವನ್ನು ಉಳಿಸುವ ಯೋಜನೆಯಡಿ, ಸಾಹೇಬರ ಭಾವಮೈದುನನ ಅಂಗಡಿಯಿಂದ ಹೊಸವನ್ನು ಕೊಳ್ಳಲಾಯಿತು.

ಗುಜರಿ ಲಾರಿ ಅಂಗಳಕ್ಕೇ ಬಂತು. ಕೂ ಮೇಡಂ ಕಣ್ಣೊರೆಸಿಕೊಂಡರು.

ಒಳಗೆ ಉದ್ಘಾಟನೆ. ಯಂತ್ರದ ತಲೆಯ ಮೇಲೆ ಹಸಿರು ಪೊಟ್ಟಣದ ಕುರುಕಲು ತಿಂಡಿ ಇಡದೆ ನಮ್ಮಲ್ಲಿ ಯಾರೂ ಗುಂಡಿ ಒತ್ತುವುದಿಲ್ಲ. ಇಟ್ಟರೆ ಯಂತ್ರ ಹಟ ಮಾಡುವುದಿಲ್ಲವೆಂದು ಇಡೀ ತೈವಾನಿನ ನಂಬಿಕೆ. ಹೊಸ ಯಂತ್ರಗಳೋ ಹಪ್ಪಳದಷ್ಟು ತೆಳು. ಸಾಹೇಬರು ಇಟ್ಟ ಪೊಟ್ಟಣಗಳೆಲ್ಲ ಜಾರಿ ಅವರ ಬೂಟಿನ ಮೇಲೇ ಬಿದ್ದವು. ಸಭೆ ಬಿಳಿಚಿಕೊಂಡಿತು.

"ಪೊಟ್ಟಣ ಇಡೋಕೆ ಅಗಲವಾಗಿರೋದು ಏನಾದ್ರೂ ಇದ್ಯೇನ್ರೀ ಮೇಡಂ?"

"ಹಳೇ ಡಬ್ಬಗಳಿವೆ ಸಾರ್. ಆದ್ರೆ ತಾವೇ ಗುಜರಿ ಅಂತ ಬರ್ದಿದೀರಲ್ಲ..."

"ಅದನ್ನ ಹೊಡೆದ್ಹಾಕಿ! 'ಪೊಟ್ಟಣ ಪೀಠ' ಅಂತ ಬರೀರಿ."

ನಾನು ಗಂಟಲು ಸರಿಮಾಡಿಕೊಂಡೆ. "ಸಾರ್, ಇದು ಕಡಲ ತೀರ. ಪೀಠ ಬೆಚ್ಚಗಿಲ್ದಿದ್ರೆ ತಿಂಡಿ ಮೆತ್ತಗಾಗುತ್ತೆ."

ಸಾಹೇಬರು ಗಂಭೀರರಾದರು. ನಿಯಮಕ್ಕೆ ಒಂದು ಸಾಲು ಸೇರಿತು: 'ಪೀಠಗಳು ಶಾಲಾ ವೇಳೆಯಲ್ಲಿ ಚಾಲನೆಯಲ್ಲಿರತಕ್ಕದ್ದು.' ಪೀಠಕ್ಕೆ ಸರ್ಕಾರಿ ಆವೃತ್ತಿ ಯಾವುದೂ ಇರಲಿಲ್ಲವಾದ್ದರಿಂದ, ನನ್ನ ಬರಿ ಲಿನಕ್ಸನ್ನೇ ಹಾಕಿದೆ.

ಈಚೆಗೆ ಕಚೇರಿಯ ತಪಾಸಣಾಧಿಕಾರಿಯೊಬ್ಬರು ಬಂದಿದ್ದರು. ಹೊಸ ಯಂತ್ರಗಳು ಸಾಲಾಗಿ ಭಾಷಣ ಮಾಡುತ್ತಿದ್ದವು. ಮಕ್ಕಳು ಅವಕ್ಕೆ ಬೆನ್ನು ಹಾಕಿ ಪೀಠಗಳ ಮುಂದೆ ಕೂತು ಟಪಟಪ ಕುಟ್ಟುತ್ತಿದ್ದರು.

"ಏನ್ರೋ ಮಾಡ್ತಿದೀರಿ?"

"ಪೀಠ ಬೆಚ್ಚಗಿಡ್ತಿದೀವಿ ಸಾರ್!"

ಅವರು ಒಂದು ಪೊಟ್ಟಣವನ್ನು ಮೆಲ್ಲಗೆ ಒತ್ತಿ ನೋಡಿದರು. ಗರಿಗರಿಯಾಗಿತ್ತು. ತೃಪ್ತರಾಗಿ, ಮಧ್ಯಾಹ್ನದ ಊಟದ ಬಿಡುವಿನಲ್ಲೂ ಮಕ್ಕಳು ಪಾಳಿಯ ಮೇಲೆ ಕುಟ್ಟಬೇಕೆಂದು ಕಟ್ಟಾಜ್ಞೆ ಮಾಡಿ ಹೋದರು.