ಜೇಬಿನಲ್ಲುಳಿದ ಬೋಲ್ಟು

ನಾನು ಹೆದರುಪುಕ್ಕಲ ಎಂದು ನನ್ನ ಹೆಂಡತಿ ಮದುವೆಯಾದ ಎರಡನೆಯ ವಾರದಿಂದಲೂ ಹೇಳುತ್ತಾ ಬಂದಿದ್ದಾಳೆ. (ಮೊದಲನೆಯ ವಾರ ಅದನ್ನು ಹೇಗೋ ಮುಚ್ಚಿಟ್ಟಿದ್ದೆ.) ಹಲ್ಲಿ, ಲಿಫ್ಟು, ಇಂಜೆಕ್ಷನ್ನು, ನನ್ನ ಮಾವ, ಇವಿಷ್ಟಕ್ಕೆ ನಾನು ಹೆದರುತ್ತೇನೆ, ಇದೇ ಕ್ರಮದಲ್ಲಲ್ಲ. ಆದರೆ ಆ ಭಾನುವಾರ ಬೆಳಿಗ್ಗೆ ನನ್ನ ಅಂಗಿಯ ಜೇಬಿನಲ್ಲಿದ್ದ ವಸ್ತುವನ್ನು ಹೊತ್ತು ತಿರುಗಿದ್ದರೆ ಎಂಥ ಶೂರನಾದರೂ ಬೆವರುತ್ತಿದ್ದ. ಅದೊಂದು ಬೋಲ್ಟು. ಕಿರುಬೆರಳಷ್ಟು ಉದ್ದ, ತಲೆಯ ಮೇಲೆ ಚೂರು ಹಳದಿ ಬಣ್ಣ. ಅದು ಇರಬೇಕಾದದ್ದು ನನ್ನ ಮಾವನ ಕಾರಿನಲ್ಲಿ. ಕಾರಿನಲ್ಲಿ ಎಲ್ಲಿ ಎಂಬುದು ಮಾತ್ರ ನನಗೆ ಗೊತ್ತಿರಲಿಲ್ಲ. ಇನ್ನು ಅರ್ಧ ಗಂಟೆಯಲ್ಲಿ ಮಾವ ಆ ಕಾರಿನಲ್ಲಿ ನನ್ನ ಹೆಂಡತಿಯನ್ನು ಕೂರಿಸಿಕೊಂಡು ಹೊರಡುವವರಿದ್ದರು.

ಮಾವ ಸೇತುವೆ ತಪಾಸಣೆಯ ಇಂಜಿನಿಯರಾಗಿ ನಿವೃತ್ತರಾದವರು. ಮೂವತ್ತೈದು ವರ್ಷ ಸೇತುವೆಗಳ ಕೆಳಗೆ ನೇತಾಡಿ, ಸಣ್ಣ ಸುತ್ತಿಗೆಯಿಂದ ಒಂದೊಂದು ಬೋಲ್ಟನ್ನೂ ತಟ್ಟಿ, ಗಟ್ಟಿಯೋ ಸಡಿಲವೋ ಎಂದು ಸದ್ದಿನಲ್ಲೇ ಹೇಳುವುದು ಅವರ ಕೆಲಸವಾಗಿತ್ತು. ಆ ಅಭ್ಯಾಸ ಇನ್ನೂ ಹೋಗಿಲ್ಲ. ನಮ್ಮ ಜೊತೆ ಇರಲು ಬಂದ ಮೇಲೆ ಊಟದ ಮೇಜು, ಕಿಟಕಿ, ಒಮ್ಮೆ ನನ್ನ ಮಂಡಿ, ಎಲ್ಲವನ್ನೂ ಬೆರಳ ಗೆಣ್ಣಿನಿಂದ ತಟ್ಟಿ ನೋಡಿದ್ದಾರೆ. (ಮಂಡಿಯನ್ನು ತಟ್ಟಿ ತಲೆ ಅಲ್ಲಾಡಿಸಿದರು.) "ಸೇತುವೆ ಬೀಳೋದು ಪ್ರವಾಹಕ್ಕಲ್ಲ ಅಳಿಯಂದಿರೇ, ಒಂದೇ ಒಂದು ಬೋಲ್ಟಿಗೆ" ಎಂದು ವಾರಕ್ಕೆರಡು ಸಲವಾದರೂ ನನ್ನನ್ನು ಎಚ್ಚರಿಸುತ್ತಾರೆ.

ಅವರ ಜೊತೆಗೇ ನಮ್ಮ ಮನೆಗೆ ಬಂದದ್ದು ಅವರ ಕಾರು. ಕೆಂಪು ಬಣ್ಣ, ಎರಡೇ ಸೀಟು, ಮೇಲ್ಛಾವಣಿ ಬಿಚ್ಚಿದರೆ ಆಕಾಶ. ಹೆಂಡತಿ ನಾಲ್ಕು ವರ್ಷದವಳಿದ್ದಾಗ ಕೊಂಡದ್ದಂತೆ. ಮಾವ ನನ್ನ ಹೆಂಡತಿಯನ್ನು 'ದೊಡ್ಡವಳು' ಎನ್ನುತ್ತಾರೆ, ಕಾರನ್ನು 'ಸಣ್ಣವಳು' ಎನ್ನುತ್ತಾರೆ. ದೊಡ್ಡವಳನ್ನು ನನಗೆ ಧಾರಾಳವಾಗಿ ಕೊಟ್ಟವರು ಸಣ್ಣವಳ ಬಾಗಿಲು ಮುಟ್ಟಲೂ ಬಿಟ್ಟಿರಲಿಲ್ಲ. ಒಂಬತ್ತು ವರ್ಷದ ಹಿಂದೆ ಇಲಿಗಳು ವೈರು ತಿಂದ ಮೇಲೆ ಅವಳು ಗ್ಯಾರೇಜಿನಲ್ಲಿ ಬಟ್ಟೆ ಹೊದ್ದು ಮಲಗಿಬಿಟ್ಟಿದ್ದಳು.

ಮಾವ ಕಣ್ಣಿನ ಆಪರೇಷನ್ ಮಾಡಿಸಿಕೊಂಡು ನಾಲ್ಕು ತಿಂಗಳ ಮಟ್ಟಿಗೆ ತಮ್ಮನ ಮನೆಗೆ ಹೋದಾಗ ನನ್ನ ತಲೆಯಲ್ಲಿ ದಿವ್ಯವಾದ ಯೋಚನೆಯೊಂದು ಉದಯಿಸಿತು. ಅವರು ಹಿಂತಿರುಗುವುದರೊಳಗೆ ಸಣ್ಣವಳನ್ನು ಓಡುವಂತೆ ಮಾಡಿ ನಿಲ್ಲಿಸುವುದು.

"ನಲ್ಲಿಗೆ ಒಂದು ವಾಷರ್ ಹಾಕೋಕೆ ಹೋಗಿ ಮನೆಯೆಲ್ಲಾ ಕೆರೆ ಮಾಡಿದವರು ನೀವು" ಎಂದಳು ಹೆಂಡತಿ. "ಅಪ್ಪನ ಕಾರು ಬಿಚ್ತೀರಾ?"

"ನಮ್ಮ ಲೈಬ್ರರಿಯಲ್ಲಿ ಅದರ ರಿಪೇರಿ ಪುಸ್ತಕ ಇದೆ ಕಣೇ. ಚಿತ್ರಗಳ ಸಮೇತ."

"ಆಪರೇಷನ್ ಪುಸ್ತಕಾನೂ ಇರಬೇಕಲ್ಲ. ಅಪ್ಪನ ಕಣ್ಣೂ ನೀವೇ ಕುಯ್ಯಬಹುದಿತ್ತು."

ನಾನು ಗ್ರಂಥಪಾಲಕ. ಬಿಚ್ಚಿದ್ದನ್ನು ಕಳೆಯುವುದು ಮೆಕ್ಯಾನಿಕ್‌ಗಳ ಜಾಯಮಾನ, ನನ್ನದಲ್ಲ. ಕಾರಿನಿಂದ ಹೊರಬಂದ ಪ್ರತಿಯೊಂದಕ್ಕೂ ಸಂಖ್ಯೆ ಬರೆದ ಚೀಟಿ ಅಂಟಿಸಿದೆ, ರಿಜಿಸ್ಟರಿನಲ್ಲಿ ಹೆಸರು, ಗುರುತು, ವರ್ಗ ಬರೆದೆ, ಅಡುಗೆಮನೆಯ ಡಬ್ಬಿಗಳಲ್ಲಿ ತುಂಬಿಟ್ಟೆ. ಅಡುಗೆಮನೆಯಲ್ಲಿ ಸಕ್ಕರೆ ಹೂದಾನಿಗೆ ಹೋಯಿತು, ಉಪ್ಪು ನನ್ನ ಹಳೆಯ ಟಿಫಿನ್ ಬಾಕ್ಸಿಗೆ. ಯಾವ ವರ್ಗಕ್ಕೂ ಸೇರದ ಪುಸ್ತಕ ಬಂದರೆ ನಾವು 'ಇತರೆ' ಎಂದು ಬರೆದು ಕೊನೆಯ ಕಪಾಟಿಗೆ ಸೇರಿಸುತ್ತೇವೆ. ಇಲ್ಲಿಯೂ ಹಾಗೇ ಮಾಡಿದೆ. 'ಇತರೆ' ಕಪಾಟಿನ ಪುಸ್ತಕದಿಂದ ಈವರೆಗೆ ಯಾರೂ ಸತ್ತಿಲ್ಲ.

ಮೂರೂವರೆ ತಿಂಗಳ ಮೇಲೆ ಸಣ್ಣವಳು ಕೆಮ್ಮಿದಳು, ನಡುಗಿದಳು, ಗುರ್ ಎಂದಳು. ಹೆಂಡತಿ ಕೈಯಲ್ಲಿ ಸೌಟು ಹಿಡಿದೇ ಓಡಿಬಂದು, ಹನ್ನೆರಡು ವರ್ಷದ ದಾಂಪತ್ಯದಲ್ಲಿ ಮೊದಲ ಬಾರಿಗೆ ನನ್ನನ್ನು ಗೌರವದಿಂದ ನೋಡಿದಳು. ಆ ನೋಟವನ್ನು ಸವಿಯುತ್ತಾ ಡಬ್ಬಿಗಳನ್ನು ಹಿಂತಿರುಗಿಸಲು ಎತ್ತಿಕೊಂಡೆ. ಕೊನೆಯ ಡಬ್ಬಿ ಟಣ್ ಎಂದಿತು.

ರಿಜಿಸ್ಟರ್ ತೆಗೆದೆ. '೩೮೧. ಬೋಲ್ಟು. ತಲೆಯಲ್ಲಿ ಹಳದಿ. ವರ್ಗ: ಇತರೆ.'

ಮೂರು ದಿನ ರಜೆ ಹಾಕಿ ಕಾರಿನ ಕೆಳಗೆ ಮಲಗಿದೆ. ಖಾಲಿ ತೂತುಗಳು ನಾಲ್ಕು ಸಿಕ್ಕವು. ಮೂರಕ್ಕೆ ಬೋಲ್ಟು ದಪ್ಪವಾಯಿತು, ಒಂದರಲ್ಲಿ ಅರ್ಧ ಹೋಗಿ ಮುನಿಸಿಕೊಂಡು ನಿಂತಿತು. ಬ್ರೇಕಿನದಿರಬಹುದೇ? ಸ್ಟೀರಿಂಗಿನದೇ? ಹೆಂಡತಿಗೆ ಹೇಳೋಣವೆಂದರೆ ಆ ಗೌರವದ ನೋಟಕ್ಕೆ ಇನ್ನೂ ಮೂರೇ ದಿನ ವಯಸ್ಸು. ಹೇಳದೆ ಉಳಿದೆ. ಬೋಲ್ಟನ್ನು ಅಂಗಿಯ ಜೇಬಿಗೆ ಸೇರಿಸಿದೆ.

ಅಷ್ಟರಲ್ಲಿ ಮಾವ ಬಂದೇಬಿಟ್ಟರು. ಗ್ಯಾರೇಜಿನ ಬಾಗಿಲಲ್ಲಿ ನಿಂತು ಬಹಳ ಹೊತ್ತು ನೋಡಿದರು. ಬಾನೆಟ್ ತಟ್ಟಿದರು, ಬಾಗಿಲು ತಟ್ಟಿದರು, ಆಮೇಲೆ ನನ್ನ ಬೆನ್ನನ್ನೂ ತಟ್ಟಿದರು. ನನ್ನ ಎದೆಯ ಹತ್ತಿರ ತಟ್ಟಿದ್ದರೆ ಸಿಕ್ಕಿಬೀಳುತ್ತಿದ್ದೆ.

"ಬಾ ದೊಡ್ಡವಳೇ, ಒಂದು ಸುತ್ತು ಹೋಗಿಬರೋಣ. ನೀನು ಚಿಕ್ಕೋಳಿದ್ದಾಗ ಹೋಗ್ತಿದ್ವಲ್ಲ, ಹಾಗೆ."

ಅವಳು ತಲೆಗೆ ಬಟ್ಟೆ ಕಟ್ಟಿಕೊಂಡು ಬಂದಳು. ಅವಳ ಮುಖದಲ್ಲಿ ಐದು ವರ್ಷದ ಹುಡುಗಿಯ ಖುಷಿ ಇತ್ತು. ನನಗೆ ಅವಳಿಲ್ಲದ ಮನೆ ಕಣ್ಣಮುಂದೆ ಬಂದು ನಿಂತಿತು. ಇದನ್ನು ತಮಾಷೆಗೆ ಹೇಳುತ್ತಿಲ್ಲ. ಅವಳು ಬಾಗಿಲು ತೆಗೆಯುವ ಮೊದಲೇ ನುಗ್ಗಿ ಆ ಸೀಟಿನಲ್ಲಿ ಕೂತುಬಿಟ್ಟೆ.

"ರೀ, ಏಳ್ರಿ. ಅಪ್ಪ ಕರೆದಿದ್ದು ನನ್ನನ್ನ."

"ಮೊದಲು ನಾನು."

"ನಾಚಿಕೆ ಆಗಲ್ವಾ ನಿಮಗೆ? ಮಕ್ಕಳ ಹಾಗೆ ಸೀಟು ಹಿಡ್ಕೊಂಡಿದ್ದೀರಲ್ಲ."

"ಆಗಲ್ಲ" ಎಂದೆ. ಅವಳಿಗಾಗಿ ಪ್ರಾಣ ಕೊಡಲು ಹೊರಟವನನ್ನು ಅವಳು ನೋಡಿದ ನೋಟದಲ್ಲಿ ಹಿಂದಿನ ಗೌರವದ ಚೂರೂ ಉಳಿದಿರಲಿಲ್ಲ.

ಹೊರಟೆವು. ಒಂದೊಂದು ಸದ್ದಿಗೂ ನನ್ನ ಜೀವ ಬಾಯಿಗೆ ಬರುತ್ತಿತ್ತು. ಕಟ ಕಟ ಎಂದರೆ ಚಕ್ರ ಕಳಚಿತೆಂದುಕೊಂಡೆ. ಅದು ನನ್ನ ಹಲ್ಲಿನ ಸದ್ದು. ಸ್ವಲ್ಪ ಹೊತ್ತಾದ ಮೇಲೆ ನಾವು ಬಹಳ ನಿಧಾನ ಹೋಗುತ್ತಿದ್ದೇವೆಂದು ಗಮನಕ್ಕೆ ಬಂತು. ಸೈಕಲ್ಲೊಂದು ನಮ್ಮನ್ನು ದಾಟಿತು. ಕೂಸಿನ ಗಾಡಿ ತಳ್ಳಿಕೊಂಡು ಹೋಗುತ್ತಿದ್ದ ಹೆಂಗಸೊಬ್ಬಳು ನಮ್ಮನ್ನು ಹಿಂದೆ ಹಾಕಿ, ತಿರುಗಿ ನೋಡಿ ಅಯ್ಯೋ ಪಾಪ ಎನ್ನುವಂತೆ ನಕ್ಕಳು. ಮಾವನ ಕೈಗಳು ಸ್ಟೀರಿಂಗನ್ನು ಗಟ್ಟಿಯಾಗಿ ಹಿಡಿದಿದ್ದವು. ನೀರು ಟ್ಯಾಂಕಿನ ಹತ್ತಿರ ರಸ್ತೆ ಇಳಿಜಾರಾಗುತ್ತದೆ, ಕೆಳಗೆ ರೈಲ್ವೆ ಗೇಟು. ಅದು ಕಂಡದ್ದೇ ನನ್ನ ಸಂಯಮ ಕೈಕೊಟ್ಟಿತು.

"ಮಾವ, ನಿಲ್ಲಿಸಿ. ಒಂದು ಉಳಿದಿದೆ." ಬೋಲ್ಟನ್ನು ಅಂಗೈಯಲ್ಲಿಟ್ಟು ಮುಂದೆ ಚಾಚಿ ಕಣ್ಣು ಮುಚ್ಚಿದೆ.

ಕಾರು ನಿಂತಿತು. ಬೈಗುಳ ಬರಲಿಲ್ಲ. ಕಣ್ಣು ತೆರೆದರೆ ಮಾವನ ಮುಖ ಬಿಳಿಚಿಕೊಂಡಿತ್ತು.

"ಇದು ನಿಮಗೆಲ್ಲಿ ಸಿಕ್ತು? ಡ್ಯಾಷ್‌ಬೋರ್ಡಿನ ಡಬ್ಬದಲ್ಲಿ ಕರ್ಚೀಫಿನಲ್ಲಿ ಸುತ್ತಿಟ್ಟಿದ್ದೆ."

(ಕರ್ಚೀಫಿಗೂ ಚೀಟಿ ಅಂಟಿಸಿದ್ದು ಆಗ ನೆನಪಾಯಿತು. '೩೮೦. ಬಟ್ಟೆ. ವರ್ಗ: ಇತರೆ.')

"ನಾನೂ ಒಂದು ಸಲ ಪೂರ್ತಿ ಬಿಚ್ಚಿದ್ದೆ ಅಳಿಯಂದಿರೇ" ಎಂದರು, ದನಿ ತಗ್ಗಿಸಿ. "ದೊಡ್ಡವಳಿಗೆ ಆಗ ಐದು ವರ್ಷ. ಜೋಡಿಸಿದ ಮೇಲೆ ಇದು ಉಳೀತು. ಬೋಲ್ಟಿನ ಇಂಜಿನಿಯರ್ ಅಂತ ಊರೆಲ್ಲಾ ಕರೆಯೋರು, ಯಾರಿಗೆ ಹೇಳಲಿ? ನಿಮ್ಮ ಅತ್ತೆಗೂ ಹೇಳಲಿಲ್ಲ. ಅವತ್ತಿಂದ ಮೂರನೇ ಗೇರ್ ಹಾಕಿಲ್ಲ. ಇಲಿ ವೈರು ತಿಂದ ದಿನ ನಾನು ನೆಮ್ಮದಿಯಾಗಿ ನಿದ್ದೆ ಮಾಡಿದೆ. ನೀವು ಹೊಸದಾಗಿ ಜೋಡಿಸಿದ್ದೀರಲ್ಲ, ಇದರ ಜಾಗಕ್ಕೂ ಇನ್ನೊಂದು ಬೋಲ್ಟ್ ಹಾಕಿರ್ತೀರಿ ಅಂತ ಇವತ್ತು ಧೈರ್ಯ ಮಾಡಿದೆ."

ಇಬ್ಬರೂ ಆ ಬೋಲ್ಟನ್ನು ನೋಡುತ್ತಾ ಕೂತೆವು. ಜೀವನದಲ್ಲಿ ಮೊದಲ ಸಲ ಮಾವನ ಬಗ್ಗೆ ನನಗೆ ಹೆದರಿಕೆಯಾಗಲಿಲ್ಲ. ಕಾರಿನ ಬಗ್ಗೆ ಇಬ್ಬರಿಗೂ ಆಯಿತು. ಅದನ್ನು ತಿರುಗಿಸಿ ಮನೆಯವರೆಗೂ ತಳ್ಳಿಕೊಂಡು ಹೋಗುವುದೆಂದು ತೀರ್ಮಾನವಾಯಿತು. ಮಾವ ಒಂದು ಕೈಯಲ್ಲಿ ಸ್ಟೀರಿಂಗ್ ಹಿಡಿದು ಪಕ್ಕದಿಂದ, ನಾನು ಹಿಂದಿನಿಂದ. ಕೂಸಿನ ಗಾಡಿಯ ಹೆಂಗಸು ಮತ್ತೆ ಎದುರಾದಳು.

ಹೆಂಡತಿ ಗೇಟಿನಲ್ಲಿ ಕೈಕಟ್ಟಿ ನಿಂತಿದ್ದಳು. "ಪೆಟ್ರೋಲ್ ಖಾಲಿಯಾಯ್ತಾ ಅಪ್ಪ?"

"ಇಲ್ಲಮ್ಮ. ಅಳಿಯಂದಿರು ಹೆದರಿದರು" ಎಂದರು ಮಾವ, ನನ್ನ ಮುಖ ನೋಡದೆ.

ನಾನು ಸುಮ್ಮನಿರಲಿಲ್ಲ, ಎಲ್ಲವನ್ನೂ ಒದರಿಬಿಟ್ಟೆ. ಅವಳು ಬೋಲ್ಟನ್ನು ಇಸಿದುಕೊಂಡು ತಿರುಗಿಸಿ ನೋಡಿದಳು. ಸೆರಗಿನಿಂದ ಅದರ ತಲೆ ಒರೆಸಿದಳು.

"ಇದು ನನ್ನ ಮೂರು ಚಕ್ರದ ಸೈಕಲ್ ಹ್ಯಾಂಡಲ್‌ದು."

ಮಾವ ಬಾನೆಟ್ ಮೇಲೆ ಕೈ ಊರಿದರು.

"ನೀನು ಕಾರು ಬಿಚ್ಚಿ ಕೂತಿದ್ದೆ. ನನ್ನ ಸೈಕಲ್ಲೂ ಕೆಟ್ಟಿತ್ತು. ನೀನು ಸರಿ ಮಾಡ್ತೀಯ ಅಂತ ನಿನ್ನ ಸಾಮಾನಿನ ಡಬ್ಬಿಗೆ ಹಾಕಿದ್ದೆ. ನೀನು ಮಾಡಲೇ ಇಲ್ಲ. ಎಂಟು ವರ್ಷ ಆಗೋವರೆಗೂ ಹ್ಯಾಂಡಲ್ ಒಂದು ಕಡೆ, ನಾನೊಂದು ಕಡೆ." ಅವಳು ನಮ್ಮಿಬ್ಬರನ್ನೂ ನೋಡಿದಳು. "ನಿಮ್ಮ ಕಾರು ಕೆಂಪು. ಬೋಲ್ಟ್ ಮೇಲೆ ಹಳದಿ ಬಣ್ಣ ಇದೆಯಲ್ಲ, ಒಬ್ಬರು ಇಂಜಿನಿಯರು, ಇನ್ನೊಬ್ಬರು ಅಷ್ಟು ಪುಸ್ತಕ ಓದಿದವರು, ಯಾರಿಗೂ ಹೊಳೀಲಿಲ್ವಾ?"

ಕಂಪನಿಯ ಗುರುತೆಂದುಕೊಂಡಿದ್ದೆವು ಎಂದು ಇಬ್ಬರೂ ಒಟ್ಟಿಗೆ ಹೇಳಿದೆವು. ಅವಳು ಮಾವನ ಕೈಯಿಂದ ಕೀಲಿ ತೆಗೆದುಕೊಂಡು ಸ್ಟೀರಿಂಗಿನ ಮುಂದೆ ಕೂತಳು.

"ಬಾ ಅಪ್ಪ, ಕೂತ್ಕೋ. ರೀ, ಅಪ್ಪನ ಸಾಮಾನಿನ ಜೊತೆ ಬಂದ ಸೈಕಲ್ ಅಟ್ಟದ ಮೇಲಿದೆ. ನಾವು ಬರೋದ್ರೊಳಗೆ ಇದನ್ನ ಹಾಕಿಡಿ."

ಸಣ್ಣವಳು ಒಮ್ಮೆ ಗರ್ಜಿಸಿ ತಿರುವಿನಲ್ಲಿ ಮಾಯವಾದಳು. ಮಾವ ಚಿಕ್ಕ ಹುಡುಗನ ಹಾಗೆ ಕೂಗುವುದು ಎರಡು ಬೀದಿ ಆಚೆಯಿಂದಲೂ ಕೇಳಿಸಿತು.

ನಾನು ಅಟ್ಟ ಹತ್ತಿದೆ. ಸೈಕಲ್ಲನ್ನು ಇಳಿಸಿ, ಧೂಳು ಒರೆಸಿ, ಹ್ಯಾಂಡಲ್ ಬಿಚ್ಚಿ, ಎಣ್ಣೆ ಹಾಕಿ ಮತ್ತೆ ಕೂರಿಸಿದೆ. ಮುನ್ನೂರ ಎಂಬತ್ತೊಂದು ತನ್ನ ತೂತಿನಲ್ಲಿ ಬೆಣ್ಣೆಯ ಹಾಗೆ ಇಳಿಯಿತು. ಹೆಮ್ಮೆಯಿಂದ ಎದ್ದು ನಿಂತಾಗ ನೆಲದ ಮೇಲೆ ಸಣ್ಣದೊಂದು ವಾಷರ್ ಕಂಡಿತು.

ಅಷ್ಟರಲ್ಲಿ ಗೇಟಿನ ಸದ್ದಾಯಿತು, ವಾಷರನ್ನು ಅಂಗಿಯ ಜೇಬಿಗೆ ಜಾರಿಸಿದೆ. ಮಾವ ಕೂದಲು ಕೆದರಿಕೊಂಡು ಒಳಗೆ ಬಂದು ಹ್ಯಾಂಡಲನ್ನು ಬೆರಳ ಗೆಣ್ಣಿನಿಂದ ತಟ್ಟಿದರು.

"ಎಲ್ಲಾ ಕೂತಿದ್ಯಾ ಅಳಿಯಂದಿರೇ?"

"ಕೂತಿದೆ ಮಾವ" ಎಂದೆ.

ಅವರು ಸ್ವಲ್ಪ ಹೊತ್ತು ನನ್ನ ಅಂಗಿಯ ಜೇಬನ್ನೇ ನೋಡಿದರು. ಆಮೇಲೆ ತಮ್ಮ ಜೇಬಿನಿಂದ ಕರ್ಚೀಫು ತೆಗೆದು ನನ್ನ ಕೈಗಿಟ್ಟು ಒಳಗೆ ಹೋದರು.